ಪ್ರೊಸೆಸರ್ ಫಾಸ್ಟ್ ಆದ್ರೆ ಡೆಮೊ ಚೆಂದ ಆಗ್ತದಾ?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಿ, ಆಡುಮಾತನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಕುಂಬ್ರದಿಂದ ಮಾತಾಡ್ತಾ ಇದ್ದೇನೆ. ನಡುವೆ ಪುತ್ತೂರು–ಸುಳ್ಯ ರಸ್ತೆಯ ಬಸ್ಸಿನ ಹಾರ್ನ್ ಕೇಳಿದ್ರೆ ಸ್ವಲ್ಪ ಸಹಿಸಿಕೊಳ್ಳಿ. ಕಿಟಕಿ ಹಾಕಿದ್ರೆ ಸೆಕೆ ತಡೀಲಿಕ್ಕೆ ಆಗುವುದಿಲ್ಲ ಮಾರ್ರೆ.

ಇವತ್ತಿನ ವಿಷಯ ಒಂದು ವಾಟ್ಸ್ಆ್ಯಪ್ ಮೆಸೇಜಿನಿಂದ ಬಂದದ್ದು. ಇಲ್ಲೇ ಹತ್ತಿರದ ಹುಡುಗ, ಡಿಪ್ಲೊಮಾ ಓದ್ತಾ ಇದ್ದಾನೆ. ಅವನು ಬರೆದದ್ದು ಹೀಗೆ: "ಅಣ್ಣಾ, ಯೂಟ್ಯೂಬಿನಲ್ಲಿ ಕಮೊಡೋರ್ 64 ಅಂತ ಹಳೇ ಕಂಪ್ಯೂಟರಿನ ಡೆಮೊ ನೋಡಿದೆ. ಅದರ ಪ್ರೊಸೆಸರ್ 1 ಮೆಗಾಹರ್ಟ್ಸ್ ಅಂತೆ. ನನ್ನ ಲ್ಯಾಪ್‌ಟಾಪಿನದ್ದು 2 ಗಿಗಾಹರ್ಟ್ಸಿಗಿಂತ ಮೇಲೆ. ಆದ್ರೂ ಅದು ಬೆಣ್ಣೆ ಹಾಗೆ ಓಡ್ತದೆ, ನಾನು ಬರೆದದ್ದು ನಿಂತು ನಿಂತು ಹೋಗ್ತದೆ. ಈ ಸಲ ಅಡಿಕೆ ಕೊಟ್ಟ ಮೇಲೆ ಹೊಸ ಲ್ಯಾಪ್‌ಟಾಪ್ ತೆಗೆದು ಕೊಡ್ತೇನೆ ಅಂತ ಅಪ್ಪ ಹೇಳಿದ್ದಾರೆ. ಫಾಸ್ಟ್ ಪ್ರೊಸೆಸರಿನದ್ದು ತಕ್ಕೊಂಡ್ರೆ ಸರಿ ಆಗ್ತದಾ?"

ಅಡಿಕೆ ಕೊಟ್ಟ ದುಡ್ಡು ಅಂದ್ರೆ ಎಂಥದ್ದು ಅಂತ ಈ ಕಡೆಯವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಿ, ಆಮೇಲೆ ಅಂಗಳದಲ್ಲಿ ಒಣಗಿಸಿ, ಸುಲಿಸಿ, ರೇಟ್ ನೋಡಿ ಕೊಟ್ಟ ದುಡ್ಡು ಅದು. ಹಾಗಾಗಿ "ತೆಗಿ ಮಾರಾಯ" ಅಂತ ಒಂದೇ ಸಾಲಿನಲ್ಲಿ ಉತ್ತರ ಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ. "ನಿನ್ನ ಕೋಡ್ ಕಳಿಸು, ನೋಡುವ" ಅಂದೆ. ಅವನ ಕೋಡಿನ ಕಥೆ ಆಮೇಲೆ ಹೇಳ್ತೇನೆ. ಮೊದಲು ಆ ಹಳೇ ಮೆಷಿನ್ ಎಂಥ ಮಾಡ್ತಾ ಇತ್ತು ಅಂತ ನೋಡುವ.

ಡೆಮೊ ಅಂದ್ರೆ ಇಲ್ಲಿ ಅಂಗಡಿಯಲ್ಲಿ ಟಿವಿ ಹಾಕಿ ತೋರಿಸುವ ಡೆಮೊ ಅಲ್ಲ. ಕಂಪ್ಯೂಟರ್ ಆ ಕ್ಷಣದಲ್ಲೇ ಲೆಕ್ಕ ಹಾಕಿ ಬಿಡಿಸುವ ಚಿತ್ರ, ನುಡಿಸುವ ಸಂಗೀತ. ಮೊದಲೇ ಮಾಡಿಟ್ಟ ವಿಡಿಯೊ ಅಲ್ಲ. 1980ರ ದಶಕದಲ್ಲಿ ಯುರೋಪಿನ ಹುಡುಗರು ಗೇಮಿನ ಬೀಗ ಮುರಿದು ಹಂಚುವಾಗ, ಗೇಮಿನ ಮುಂದೆ ತಮ್ಮ ಗುಂಪಿನ ಹೆಸರು ಕುಣಿಸ್ತಾ ಇದ್ರು. ಆ ಹೆಸರು ಕುಣಿಸುವುದೇ ನಿಧಾನಕ್ಕೆ ಬೇರೆ ಕಲೆಯಾಯ್ತು, ಸ್ಪರ್ಧೆಗಳಾದವು. ಫಿನ್ಲೆಂಡ್ 2020ರಲ್ಲಿ, ಜರ್ಮನಿ 2021ರಲ್ಲಿ ಇದನ್ನು ತಮ್ಮ ದೇಶದ ಜೀವಂತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡವು. ನಮ್ಮಲ್ಲಿ ಯಕ್ಷಗಾನಕ್ಕೆ ಇರುವಂಥ ಗೌರವ ಅಂತ ಇಟ್ಟುಕೊಳ್ಳಿ.

ಈಗ ಕಮೊಡೋರ್ 64. ಬಂದದ್ದು 1982ರಲ್ಲಿ. ಸ್ಕ್ರೀನ್ ಅಂದ್ರೆ ಮನೆಯ ಟಿವಿಯೇ, ಹಿಂದೆ ಡುಬ್ಬ ಇರುವ ಹಳೇ ಟಿವಿ. ಅದರೊಳಗೆ ಒಂದು ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಒಂದು ಗೆರೆ ಎಳೀತದೆ, ವಾಪಸ್ ಬಂದು ಕೆಳಗೆ ಇನ್ನೊಂದು ಗೆರೆ. ನಮ್ಮ ದೇಶದಲ್ಲೂ ಇದ್ದ ಪಾಲ್ ಟಿವಿ ಲೆಕ್ಕದಲ್ಲಿ ಈ ಕಂಪ್ಯೂಟರ್ ಒಂದು ಚಿತ್ರಕ್ಕೆ 312 ಗೆರೆ ಕೊಡ್ತದೆ, ಸೆಕೆಂಡಿಗೆ 50 ಚಿತ್ರ. ಒಂದು ಗೆರೆ ಎಳೆಯುವಷ್ಟರಲ್ಲಿ ಪ್ರೊಸೆಸರಿಗೆ ಸಿಗುವುದು 63 ಸೈಕಲ್. ಸೈಕಲ್ ಅಂದ್ರೆ ಗಡಿಯಾರದ ಒಂದು ಟಿಕ್. ಪೂರಾ ಚಿತ್ರಕ್ಕೆ ಒಟ್ಟು 19,656 ಟಿಕ್. ಅದಕ್ಕಿಂತ ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.

ಚಿತ್ರ ಬಿಡಿಸುವುದು ಪ್ರೊಸೆಸರ್ ಅಲ್ಲ, ಪಕ್ಕದ ಇನ್ನೊಂದು ಚಿಪ್. ಅದರ ಹೆಸರು ವಿಐಸಿ-2. ಇದು ಮೆಮೊರಿಯಿಂದ ಓದ್ತಾ ಓದ್ತಾ ಕಿರಣದ ಜೊತೆಗೇ ಓಡ್ತದೆ. ಪ್ರೊಸೆಸರಿನ ಕೆಲಸ ಎಂಥ ಅಂದ್ರೆ, ಕಿರಣ ಓಡುವಾಗಲೇ ಆ ಚಿಪ್ಪಿಗೆ "ಈಗ ಬಣ್ಣ ಬದಲಾಯಿಸು, ಈಗ ಸ್ವಲ್ಪ ಪಕ್ಕಕ್ಕೆ ಸರಿ" ಅಂತ ಹೇಳುವುದು. ಹೇಳಿದ ಟಿಕ್ ತಪ್ಪಿದ್ರೆ ಬಣ್ಣ ಬೇರೆ ಜಾಗದಲ್ಲಿ ಬೀಳ್ತದೆ.

ಒಂದು ಉದಾಹರಣೆ ಕೊಟ್ಟೇ ಕೊಡ್ತೇನೆ, ಯಾಕಂದ್ರೆ ಇದು ನನಗೆ ಬಹಳ ಇಷ್ಟದ್ದು. ಈ ಕಂಪ್ಯೂಟರಿನ ಚಿತ್ರದ ಸುತ್ತ ದಪ್ಪ ಅಂಚು ಉಂಟು. ಅಲ್ಲಿ ಎಂಥದ್ದೂ ಬಿಡಿಸ್ಲಿಕ್ಕೆ ಆಗುವುದಿಲ್ಲ ಅಂತ ಚಿಪ್ ಮಾಡಿದವರ ಲೆಕ್ಕ. ಪರದೆಯನ್ನು 25 ಸಾಲು ಅಥವಾ 24 ಸಾಲು ಅಂತ ಇಟ್ಟುಕೊಳ್ಳಬಹುದು. 24 ಸಾಲು ಇದ್ರೆ 247ನೇ ಗೆರೆಯಲ್ಲಿ ಚಿಪ್ "ಇನ್ನು ಅಂಚು ಶುರು" ಅಂತ ನಿರ್ಧಾರ ಮಾಡ್ತದೆ, 25 ಇದ್ರೆ 251ನೇ ಗೆರೆಯಲ್ಲಿ. ಯಾರೋ ಕಿಲಾಡಿಗಳು ಎಂಥ ಮಾಡಿದ್ರು? 247 ದಾಟುವವರೆಗೆ 25 ಸಾಲು ಅಂತ ಇಟ್ರು. ದಾಟಿದ ಕೂಡಲೇ, 251 ಬರುವ ಮೊದಲು, 24 ಅಂತ ಬದಲಾಯಿಸಿದ್ರು. ಚಿಪ್ ನೋಡ್ತದೆ: 24ರ ಗೆರೆ ಆಗಲೇ ದಾಟಿ ಹೋಗಿದೆ, 25ರ ಗೆರೆ ಈಗ ಲೆಕ್ಕಕ್ಕಿಲ್ಲ. ಅಂಚು ಶುರುವೇ ಆಗುವುದಿಲ್ಲ! ಕೆಳಗಿನ ಅಂಚು, ಮೇಲಿನ ಅಂಚು ಎರಡೂ ತೆರೆದುಕೊಳ್ತವೆ. ಎಡಬಲದ ಅಂಚಿಗೂ ಇಂಥದ್ದೇ ಉಪಾಯ. ಆದ್ರೆ ಅದನ್ನು ಒಂದೊಂದು ಗೆರೆಯಲ್ಲೂ, ಅದೇ ಒಂದು ಟಿಕ್‌ನಲ್ಲಿ ಮಾಡ್ಬೇಕು.

ಇಲ್ಲಿಗೆ ಹುಡುಗನ ಪ್ರಶ್ನೆ ತಕ್ಕೊಂಡು ಬನ್ನಿ. ಈ ಉಪಾಯಕ್ಕೆ 20 ಪಟ್ಟು ವೇಗದ ಪ್ರೊಸೆಸರ್ ಹಾಕಿದ್ರೆ ಎಂಥ ಆಗ್ತದೆ? ಪ್ರೊಸೆಸರ್ ಬೇಗ ಬಂದು ಕಾಯ್ತದೆ, ಅಷ್ಟೇ. ಕಿರಣ ಅದೇ ವೇಗದಲ್ಲಿ ಬರ್ತದೆ. ಅಡಿಕೆ ಸುಲಿಯಲಿಕ್ಕೆ ಎಷ್ಟೇ ದೊಡ್ಡ ಮೆಷಿನ್ ತಂದು ನಿಲ್ಲಿಸಿ, ಚಾಲಿ ಆಗ್ಬೇಕಾದ್ರೆ ಅಂಗಳದಲ್ಲಿ ನಲವತ್ತು ದಿನದ ಬಿಸಿಲು ಬೇಕೇ ಬೇಕು. ಸೂರ್ಯನಿಗೆ ಟರ್ಬೊ ಬಟನ್ ಇಲ್ಲ.

ಕಾಯುವುದು ಮಾತ್ರ ಆದ್ರೆ ತೊಂದರೆ ಇಲ್ಲ, ಹಾಳಾಗುವುದೂ ಉಂಟು. ಆ ಕಾಲದವರು "ಇಷ್ಟು ಟಿಕ್ ಕಾಯಿ" ಅಂತ ಹೇಳ್ಲಿಕ್ಕೆ ಏನೂ ಮಾಡದ ಸೂಚನೆಗಳನ್ನು ಸಾಲಾಗಿ ಬರೀತಾ ಇದ್ರು. ಒಂದಕ್ಕೆ 2 ಟಿಕ್, ಹತ್ತು ಬರೆದ್ರೆ 20 ಟಿಕ್. ಪ್ರೊಸೆಸರಿನ ವೇಗ ಬದಲಾದ್ರೆ ಆ ಲೆಕ್ಕ ಪೂರಾ ತಲೆಕೆಳಗು. ಭಾಗವತರು ಒಂದು ತಾಳದಲ್ಲಿ ಹಾಡ್ತಾ ಇರುವಾಗ ಚೆಂಡೆಯವರು ತಮ್ಮಷ್ಟಕ್ಕೆ ಇಪ್ಪತ್ತು ಪಟ್ಟು ಜೋರು ಬಾರಿಸಿದ ಹಾಗೆ. ವೇಷ ಪಾಪ ಯಾರಿಗೆ ಅಂತ ಹೆಜ್ಜೆ ಹಾಕುವುದು?

ಇದು ಬರೀ ಊಹೆ ಅಲ್ಲ. 1990ರ ದಶಕದಲ್ಲಿ ಅಮೆರಿಕದ ಕ್ರಿಯೇಟಿವ್ ಮೈಕ್ರೋ ಡಿಸೈನ್ಸ್ ಅನ್ನುವ ಕಂಪನಿ ಸೂಪರ್‌ಸಿಪಿಯು ಅಂತ ಒಂದು ಪೆಟ್ಟಿಗೆ ಮಾರಿತು. ಕಮೊಡೋರ್ 64ರ ಹಿಂದೆ ಸಿಕ್ಕಿಸಿದ್ರೆ ಪ್ರೊಸೆಸರ್ 20 ಮೆಗಾಹರ್ಟ್ಸ್. ಲೆಕ್ಕ ಹಾಕುವ ಕೆಲಸ ಇದ್ರೆ ನಿಜವಾಗಿಯೂ ಹಾರ್ತಾ ಇತ್ತು. ಆದ್ರೆ ಚಿತ್ರ ತೋರಿಸುವ ವಿಐಸಿ-2 ಹಳೆಯದ್ದೇ, ಅದರ ಮೆಮೊರಿಯೂ ಹಳೆಯದ್ದೇ. ಅಲ್ಲಿಗೆ ಒಂದು ಅಕ್ಷರ ಬರೀಬೇಕಾದ್ರೂ 20 ಮೆಗಾಹರ್ಟ್ಸಿನವ ಬ್ರೇಕ್ ಹಾಕಿ 1 ಮೆಗಾಹರ್ಟ್ಸಿಗೆ ಇಳೀಬೇಕು. ನಮ್ಮ ರಸ್ತೆಯಲ್ಲಿ ಹೊಸ ಕಾರು ಲಾರಿಯ ಹಿಂದೆ ಸಿಕ್ಕಿ ಬಿದ್ದ ಹಾಗೆ. ಇದರಲ್ಲಿ ಹಳೇ ವೇಗಕ್ಕೆ ವಾಪಸ್ ಹೋಗುವ ಸ್ವಿಚ್ಚೂ ಇತ್ತು. ಯಾಕೆ ಅಂತ ಈಗ ನಿಮಗೆ ಗೊತ್ತಾಯ್ತಲ್ಲ.

ಆದ್ರೂ ನ್ಯಾಯ ಹೇಳ್ಬೇಕು. ಸ್ವಲ್ಪ ಲಾಭ ಇಲ್ಲೂ ಉಂಟು. ಹಳೇ ಪ್ರೊಸೆಸರಿಗೆ ಒಂದು ಬಣ್ಣ ಬರೆಯಲಿಕ್ಕೆ 4 ಟಿಕ್ ಬೇಕು. ಅಷ್ಟರಲ್ಲಿ ಕಿರಣ 32 ಚುಕ್ಕಿ ಮುಂದೆ ಹೋಗಿರ್ತದೆ. ಹಾಗಾಗಿ ಅಂಚಿನ ಬಣ್ಣದ ಪಟ್ಟಿ ಅದಕ್ಕಿಂತ ಸಣ್ಣ ಆಗುವುದಿಲ್ಲ. ವೇಗದ ಪ್ರೊಸೆಸರಿಗೆ ಟಿಕ್‌ಗೊಂದು ಬಣ್ಣ ಬರೆಯುವ ಅವಕಾಶ, ಅಂದ್ರೆ 8 ಚುಕ್ಕಿಗೊಂದು. ಅದಕ್ಕಿಂತ ಕೆಳಗೆ ಇಳಿಯಲಿಕ್ಕೆ ಪ್ರೊಸೆಸರ್ ಎಷ್ಟೇ ದೊಡ್ಡದಾದ್ರೂ ಆಗುವುದಿಲ್ಲ, ಬಾಗಿಲೇ ಅಷ್ಟು ಅಗಲ.

ಇದರ ತುತ್ತತುದಿ ನೋಡ್ಬೇಕಾ? 2015ರಲ್ಲಿ ಜರ್ಮನಿಯ ರಿವಿಷನ್ ಎಂಬ ಡೆಮೊ ಕೂಟದಲ್ಲಿ ಹಳೇ ಮೆಷಿನ್‌ಗಳ ವಿಭಾಗದಲ್ಲಿ ಗೆದ್ದದ್ದು "8088 ಎಂಪಿಎಚ್" ಅನ್ನುವ ಡೆಮೊ. ಓಡಿದ್ದು 1981ರ ಮೊದಲ ಐಬಿಎಂ ಪಿಸಿಯಲ್ಲಿ, 4.77 ಮೆಗಾಹರ್ಟ್ಸ್. ಅದರ ಸಿಜಿಎ ಕಾರ್ಡ್ ಗ್ರಾಫಿಕ್ಸ್‌ನಲ್ಲಿ ಸಾಮಾನ್ಯವಾಗಿ ತೋರಿಸುವುದು 4 ಬಣ್ಣ. ಇವರು ಟಿವಿ ಸಿಗ್ನಲಿನ ಗುಣವನ್ನೇ ಬಳಸಿಕೊಂಡು 1,024 ಬಣ್ಣ ತೋರಿಸಿದ್ರು. ಕೆಲವು ಭಾಗಗಳು ಟಿಕ್ ಎಣಿಸಿ ಎಣಿಸಿ ಬರೆದವು. ಅದನ್ನು ಹತ್ತು ಪಟ್ಟು ವೇಗದ ಪಿಸಿಗೆ ಹಾಕಿದ್ರೆ ಚೆಂದ ಆಗುವುದಲ್ಲ, ಕೆಡ್ತದೆ. ಆಗ ಇದ್ದ ಎಮ್ಯುಲೇಟರ್‌ಗಳಿಗೂ ಅದನ್ನು ಸರಿಯಾಗಿ ಓಡಿಸ್ಲಿಕ್ಕೆ ಬರ್ಲಿಲ್ಲ. ಮೂವತ್ತನಾಲ್ಕು ವರ್ಷ ಹಳೇ ಮೆಷಿನ್ನೇ ಬೇಕಾಯ್ತು.

ಹಾಗಾದ್ರೆ ಪ್ರೊಸೆಸರ್ ವೇಗ ದಂಡವಾ? ಅಲ್ಲ. ಈಗ ಇನ್ನೊಂದು ಮಗ್ಗುಲಿಗೆ ಬರುವ. ಇದಕ್ಕೆ ನಮ್ಮ ದೇಶದ ಶಾಲೆಗಳಿಗೂ ಬಂದಿದ್ದ ಕಂಪ್ಯೂಟರ್ ಒಂದು ಉಂಟು. 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಅನ್ನುವ ಯೋಜನೆ ತಂದಿತು, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸ್ಲಿಕ್ಕೆ. ಅದಕ್ಕೆ ಆರಿಸಿದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೋ. ನಿಮ್ಮ ಅಪ್ಪ ಅಮ್ಮನ ವಯಸ್ಸಿನ ಕೆಲವರು ಶಾಲೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಗೆ ಹೋದ ಕಥೆ ಹೇಳಿದ್ರೆ, ಒಳಗಿದ್ದದ್ದು ಇದೇ ಇರಬಹುದು. 2 ಮೆಗಾಹರ್ಟ್ಸ್ ಪ್ರೊಸೆಸರ್, 32 ಕೆಬಿ ಮೆಮೊರಿ. ನಿಮ್ಮ ಒಂದು ಗುಡ್ ಮಾರ್ನಿಂಗ್ ಫೋಟೊ ಇದಕ್ಕಿಂತ ದೊಡ್ಡದು.

1984ರಲ್ಲೇ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಅನ್ನುವ ಇಬ್ಬರು ಇದಕ್ಕೆ 'ಎಲೀಟ್' ಅನ್ನುವ ಗೇಮ್ ಬರೆದ್ರು. ಬಾಹ್ಯಾಕಾಶದಲ್ಲಿ ಹಡಗು ಓಡಿಸುವುದು, ಬರೀ ಗೆರೆಗಳಿಂದ ಮಾಡಿದ 3ಡಿ. ಡೆಮೊ ಅಲ್ಲ, ಆದ್ರೆ ಲೆಕ್ಕ ಒಂದೇ. ಇಲ್ಲಿ ಕಿರಣದ ಹಿಂದೆ ಓಡುವುದಕ್ಕಿಂತ ದೊಡ್ಡ ಕೆಲಸ ಬೇರೆ. ಒಂದೊಂದು ಹಡಗಿನ ಒಂದೊಂದು ಮೂಲೆ ತಿರುಗಿಸಿದ್ರೆ ಎಲ್ಲಿ ಬರ್ತದೆ ಅಂತ ಗುಣಾಕಾರ ಮಾಡ್ಬೇಕು. ಆ ಪ್ರೊಸೆಸರಿಗೆ ಗುಣಾಕಾರದ ಸೂಚನೆಯೇ ಇಲ್ಲ, ಕೂಡಿಸಿ ಕೂಡಿಸಿ ಮಾಡ್ಬೇಕು. ಇಲ್ಲಿ ಚಿತ್ರವೇ ಪ್ರೊಸೆಸರಿಗೆ ಕಾಯುವುದು.

ಬಿಬಿಸಿ ಮೈಕ್ರೋಗೆ ಎರಡನೇ ಪ್ರೊಸೆಸರ್ ಸಿಕ್ಕಿಸ್ಲಿಕ್ಕೆ ಒಂದು ಜಾಗ ಇತ್ತು. ಅದಕ್ಕೆ ಟ್ಯೂಬ್ ಅಂತ ಹೆಸರು. ಎರಡನೆಯದ್ದು 3 ಮೆಗಾಹರ್ಟ್ಸ್, ಜೊತೆಗೆ ಅದಕ್ಕೇ ಸ್ವಂತ 64 ಕೆಬಿ. ಎಲೀಟ್‌ನ ಒಂದು ಆವೃತ್ತಿ ಇದಕ್ಕಾಗಿಯೇ ಬಂತು: ಲೆಕ್ಕ ಎಲ್ಲ ಹೊಸ ಪ್ರೊಸೆಸರಿಗೆ, ಗೆರೆ ಎಳೆಯುವುದು ಹಳೆಯದಕ್ಕೆ. ಆಟ ನಯವಾಯ್ತು, ಬಣ್ಣವೂ ಬಂತು. ಮೊದಲು ಆಕಾಶ ಕಪ್ಪುಬಿಳುಪು ಮಾತ್ರ ಇತ್ತು.

ಈಗ ಗಮನ ಇಟ್ಟು ಕೇಳಿ, ಇಲ್ಲೊಂದು ಸಂಗತಿ ಉಂಟು. 2ರಿಂದ 3 ಮೆಗಾಹರ್ಟ್ಸ್ ಅಂದ್ರೆ ಒಂದೂವರೆ ಪಟ್ಟು ಅಷ್ಟೇ. ಬಣ್ಣ ಬಂದದ್ದು ಆ ಒಂದೂವರೆ ಪಟ್ಟಿನಿಂದ ಅಲ್ಲ. ಬಿಬಿಸಿ ಮೈಕ್ರೋದಲ್ಲಿ 4 ಬಣ್ಣದ ನಯವಾದ ಪರದೆಗೆ ಪೂರಾ 20 ಕೆಬಿ ಬೇಕು. 32ರಲ್ಲಿ 20 ಪರದೆಗೇ ಹೋದ್ರೆ ಗೇಮ್ ಎಲ್ಲಿ ಕೂತುಕೊಳ್ಳುವುದು? ಗೇಮ್ ಪಕ್ಕದ ಪೆಟ್ಟಿಗೆಗೆ ಹೋದದ್ದರಿಂದ ಪರದೆಗೆ ಜಾಗ ಸಿಕ್ಕಿತು. ಅಂದ್ರೆ ಪೆಟ್ಟಿಗೆಯ ಮೇಲೆ "ಪ್ರೊಸೆಸರ್" ಅಂತ ಬರೆದಿತ್ತು, ಬಣ್ಣ ತಂದುಕೊಟ್ಟದ್ದು ಮೆಮೊರಿ. ಹೊಸ ಫೋನ್ ತೆಗೆದವರು "ಚಿಪ್ ಸೂಪರ್ ಮಾರಾಯ" ಅನ್ನುವಾಗೆಲ್ಲ ನನಗೆ ಇದು ನೆನಪಾಗ್ತದೆ. ರ‍್ಯಾಮ್ 4 ಇದ್ದದ್ದು 8 ಆಗಿರ್ತದೆ, ಹೊಗಳಿಕೆ ಪೂರಾ ಚಿಪ್ಪಿಗೆ.

ನಮ್ಮಲ್ಲಿ ಸಿಕ್ತಾ ಇದ್ದ ಇನ್ನೊಂದು ಮನೆ ಕಂಪ್ಯೂಟರ್ ಸ್ಪೆಕ್ಟ್ರಮ್. ಪುಣೆಯ ಡೆಸಿಬೆಲ್ಸ್ ಕಂಪನಿ ಇದನ್ನು ಭಾರತದಲ್ಲಿ ಮಾರ್ತಾ ಇತ್ತು. ಇದರಲ್ಲಿ ಚಿತ್ರ ಸರಿಸಿಕೊಡುವ ಸಹಾಯಕ ಚಿಪ್ಪೇ ಇಲ್ಲ, 3.5 ಮೆಗಾಹರ್ಟ್ಸಿನ ಪ್ರೊಸೆಸರೇ ಎಲ್ಲ ಕೂಲಿ ಮಾಡ್ಬೇಕು. ಹಾಗಾಗಿ ಇದಕ್ಕೆ ವೇಗ ಕೊಟ್ಟರೆ ಕಣ್ಣಿಗೆ ಕಾಣುವಷ್ಟು ಲಾಭ. ಆದ್ರೆ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಒಂದು ಚೌಕಕ್ಕೆ ಎರಡೇ ಬಣ್ಣ ಅನ್ನುವ ನಿಯಮ ಅದರ ಪರದೆಯಲ್ಲೇ ಉಂಟು. ಕೆಂಪು ಚೆಂಡು ಹಸಿರು ಮರದ ಮುಂದೆ ಹೋದ್ರೆ ಮರದ ಒಂದು ತುಂಡು ಕೆಂಪಾಗ್ತದೆ. ವೇಗ ಹೆಚ್ಚಿಸಿ ನೋಡಿ, ಅದೇ ತಪ್ಪು ಬಣ್ಣ ಬೇಗ ಬೇಗ ಕಾಣ್ತದೆ.

ಪಿಸಿ ಬಂದ ಮೇಲೆ ಕಥೆ ಲೆಕ್ಕದ ಕಡೆಗೇ ವಾಲಿತು. 1993ರಲ್ಲಿ ಫಿನ್ಲೆಂಡಿನ ಅಸೆಂಬ್ಲಿ ಕೂಟದಲ್ಲಿ ಫ್ಯೂಚರ್ ಕ್ರೂ ಗುಂಪು ತೋರಿಸಿದ 'ಸೆಕೆಂಡ್ ರಿಯಾಲಿಟಿ' ಹೆಸರುವಾಸಿ. ಅದರ 3ಡಿ ಭಾಗಗಳು 386ರಲ್ಲಿ ಏದುಸಿರು ಬಿಡ್ತವೆ, 486ರಲ್ಲಿ ಸಲೀಸು. ಅಲ್ಲಿ ವೇಗಕ್ಕೆ ಕೊಟ್ಟ ದುಡ್ಡು ಪರದೆಯಲ್ಲಿ ಕಾಣ್ತಾ ಇತ್ತು.

ಹಾಗಾಗಿ ಕೇಳ್ಬೇಕಾದ ಪ್ರಶ್ನೆ ಒಂದೇ: ಯಾರು ಯಾರಿಗೆ ಕಾಯ್ತಾ ಇದ್ದಾರೆ? ಪ್ರೊಸೆಸರ್ ಪರದೆಗೆ ಕಾಯ್ತಾ ಉಂಟಾ, ಪರದೆ ಪ್ರೊಸೆಸರಿಗೆ ಕಾಯ್ತಾ ಉಂಟಾ?

ಈಗ ಹುಡುಗನ ಕೋಡಿಗೆ ಬರುವ. ಅವನು ಮಾಡಿದ್ದು ಪ್ಲಾಸ್ಮಾ, ಬಣ್ಣದ ಅಲೆಗಳು ಒಂದರೊಳಗೊಂದು ಹರಿಯುವ ಹಳೇ ಡೆಮೊ ಐಟಂ. ಪೈಥಾನ್‌ನಲ್ಲಿ ಬರೆದಿದ್ದ. ಪರದೆ 1920×1080, ಅಂದ್ರೆ 20,73,600 ಚುಕ್ಕಿ. ಒಂದೊಂದು ಚುಕ್ಕಿಗೂ ನಾಲ್ಕು ಸೈನ್ ಲೆಕ್ಕ. ಒಂದು ಚಿತ್ರಕ್ಕೆ 82,94,400 ಸೈನ್! ಸಮಯ ಅಳೆದು ನೋಡಿದೆವು, ಒಂದು ಚಿತ್ರಕ್ಕೆ ಹತ್ತಿರ ಹತ್ತಿರ ಮೂರು ಸೆಕೆಂಡ್.

ಇಲ್ಲಿ ಪರದೆ ಪ್ರೊಸೆಸರಿಗೆ ಕಾಯ್ತಾ ಉಂಟು, ಸಂಶಯವೇ ಇಲ್ಲ. ಹಾಗಾದ್ರೆ ಹೊಸ ಲ್ಯಾಪ್‌ಟಾಪ್ ತೆಗೀಬಹುದಲ್ಲ? ಲೆಕ್ಕ ಮಾಡಿ. ಎರಡು ಪಟ್ಟು ವೇಗದ್ದು ತಂದ್ರೆ ಮೂರು ಸೆಕೆಂಡ್ ಹೋಗಿ ಒಂದೂವರೆ ಆಗ್ತದೆ. ಸೆಕೆಂಡಿಗೆ 60 ಚಿತ್ರ ಬೇಕಾದ್ರೆ ಒಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಅವನಿಗೆ ಬೇಕಾದದ್ದು 180 ಪಟ್ಟು ವೇಗ. ಅಂಥ ಲ್ಯಾಪ್‌ಟಾಪ್ ಪುತ್ತೂರಲ್ಲಿ ಬಿಡಿ, ಬೆಂಗಳೂರಲ್ಲೂ ಇಲ್ಲ.

ಕಮೊಡೋರ್ 64ರವರು ಇದನ್ನೇ ಹೇಗೆ ಮಾಡಿದ್ರು? ಅವರ ಪ್ಲಾಸ್ಮಾ ಹೆಚ್ಚಾಗಿ 40 ಕಾಲಂ, 25 ಸಾಲು, ಒಟ್ಟು 1,000 ಚೌಕ. ಸೈನ್ ಲೆಕ್ಕ ಹಾಕುವುದೇ ಇಲ್ಲ, ಮೊದಲೇ 256 ಸೈನ್ ಬೆಲೆಗಳ ಪಟ್ಟಿ ಮಾಡಿ ಇಟ್ಟುಕೊಂಡು ಅದರಿಂದ ಎತ್ತಿ ಕೂಡಿಸುವುದು, ನಾವು ಮಗ್ಗಿ ಬಾಯಿಪಾಠ ಮಾಡಿದ ಹಾಗೆ. ಚೌಕಕ್ಕೆ ಇಪ್ಪತ್ತು ಟಿಕ್ಕೂ ಸಿಗುವುದಿಲ್ಲ ಅವರಿಗೆ.

ಅವನ ಮನೆಯ ಜಗಲಿಯಲ್ಲಿ ಕೂತು ನಾವೂ ಅದನ್ನೇ ಮಾಡಿದೆವು. ಪರದೆ 320×200ಕ್ಕೆ ಇಳಿಸಿ, ಆಮೇಲೆ ಹಿಗ್ಗಿಸಿ ತೋರಿಸುವುದು. ಚುಕ್ಕಿ ಅಷ್ಟಕ್ಕೇ 32 ಪಟ್ಟು ಕಮ್ಮಿ. ಸೈನ್ ಲೆಕ್ಕವನ್ನು ಚುಕ್ಕಿಗೊಂದರಂತೆ ಮಾಡದೆ, ಕಾಲಂಗೊಂದು ಸಾಲಿಗೊಂದು ಮಾಡಿ ಇಟ್ಟುಕೊಳ್ಳುವುದು. ಅದೇ ಹಳೇ ಲ್ಯಾಪ್‌ಟಾಪ್, ಸೆಕೆಂಡಿಗೆ ಸುಮಾರು 30 ಚಿತ್ರ. ಅವನ ಅಪ್ಪ ಒಳಗಿಂದ ಬಂದು ಇಣುಕಿದ್ರು. "ಮೊದಲು ನಿಲ್ತಾ ಇತ್ತಲ್ಲ, ಈಗ ಎಂಥ ಹಾಕಿದ್ರಿ?" ಅಂದ್ರು. ಹಾಕಿದ್ದು ಎಂಥದ್ದೂ ಇಲ್ಲ, ತೆಗೆದದ್ದೇ ಜಾಸ್ತಿ.

ಆಮೇಲೆ ಅದೇ ಪ್ಲಾಸ್ಮಾವನ್ನು ಶೇಡರ್ ಮಾಡಿ ಅವನ ಫೋನಿನ ಬ್ರೌಸರಿನಲ್ಲಿ ಹಾಕಿದೆವು. ಶೇಡರ್ ಅಂದ್ರೆ ಗ್ರಾಫಿಕ್ಸ್ ಚಿಪ್, ಅಂದ್ರೆ ಜಿಪಿಯು, ಅದರಲ್ಲಿ ಓಡುವ ಸಣ್ಣ ಪ್ರೋಗ್ರಾಂ. ಪ್ರೊಸೆಸರ್ ಒಂದೊಂದೇ ಚುಕ್ಕಿ ಮಾಡ್ತಾ ಹೋದ್ರೆ, ಜಿಪಿಯು ನೂರಾರು ಚುಕ್ಕಿಗಳನ್ನು ಒಟ್ಟಿಗೆ ಮಾಡ್ತದೆ. ಒಬ್ಬ ಗಟ್ಟಿ ಆಳು ಇಡೀ ತೋಟದ ಅಡಿಕೆ ಹೆಕ್ಕುವುದಕ್ಕೂ, ಊರಿನ ಮಕ್ಕಳೆಲ್ಲ ಒಟ್ಟಿಗೆ ಹೆಕ್ಕುವುದಕ್ಕೂ ವ್ಯತ್ಯಾಸ ಉಂಟಲ್ಲ. ಪೂರ್ತಿ ಪರದೆ, ನಾಲ್ಕು ಸೈನ್, ಎಂಥ ತಡೆಯೂ ಇಲ್ಲ. ಲ್ಯಾಪ್‌ಟಾಪಿಗೆ ಆಗದ ಕೆಲಸವನ್ನು ಕಿಸೆಯಲ್ಲಿದ್ದ ಫೋನ್ ಮಾಡಿತು. ಲ್ಯಾಪ್‌ಟಾಪಿನಲ್ಲೂ ಜಿಪಿಯು ಉಂಟು, ಅವನ ಕೋಡ್ ಅದನ್ನು ಕರೆಯಲೇ ಇಲ್ಲ.

ಹೊಸದು ತೆಗೆಯುವುದು ಮುಂದಕ್ಕೆ ಹೋಯ್ತು. ಮುಂದೆ 3ಡಿ ಅನಿಮೇಷನ್ ರೆಂಡರ್ ಮಾಡ್ಲಿಕ್ಕೆ, ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡ್ಲಿಕ್ಕೆ ಅವನಿಗೆ ವೇಗ ನಿಜವಾಗಿ ಬೇಕಾಗ್ತದೆ. ಆಗ ತೆಗೀಲಿ, ಆಗ ಕೊಟ್ಟ ದುಡ್ಡು ಕೆಲಸಕ್ಕೆ ಬರ್ತದೆ.

ಕೊನೆಗೆ, ಇದನ್ನು ಫೋನಿನಲ್ಲೇ ಕೇಳ್ತಾ ಇರುವವರಿಗೆ ಒಂದು ಮಾತು. ಕಮೊಡೋರ್ 64ರ ಎಮ್ಯುಲೇಟರ್ ಫೋನಿಗೂ ಸಿಗ್ತದೆ. ಕಂಪ್ಯೂಟರ್ ಇದ್ದವರು ವೈಸ್ ಅನ್ನುವ ಎಮ್ಯುಲೇಟರ್ ಹಾಕಿದ್ರೆ ಅದರಲ್ಲಿ ಸೂಪರ್‌ಸಿಪಿಯು ಇರುವ ಮೆಷಿನ್ನೂ ಉಂಟು, ಒಂದೇ ಡೆಮೊವನ್ನು ಎರಡರಲ್ಲೂ ಓಡಿಸಿ ನೋಡಿ. ಫೋನಿನಲ್ಲಿ ಅಕ್ಷರಗಳು ಪಕ್ಕಕ್ಕೆ ಹರಿಯುವ ಡೆಮೊ ಹಾಕಿ ಸರಿಯಾಗಿ ಗಮನಿಸಿದ್ರೆ ಆಗಾಗ ಒಂದು ಸಣ್ಣ ಜರ್ಕ್ ಕಾಣ್ತದೆ. "ನನ್ನ ಫೋನ್ ಸ್ಲೋ ಆಯ್ತು" ಅಂತ ಎಣಿಸ್ಬೇಡಿ. ಡೆಮೊ ಕೊಡುವುದು ಸೆಕೆಂಡಿಗೆ 50 ಚಿತ್ರ, ನಿಮ್ಮ ಪರದೆ ಬದಲಾಗುವುದು 60 ಸಲ. 50 ಚಿತ್ರವನ್ನು 60 ಸಲಕ್ಕೆ ಹಂಚುವಾಗ ಐದಕ್ಕೊಂದು ಚಿತ್ರ ಎರಡು ಸಲ ನಿಲ್ಲಲೇಬೇಕು. 120ರ ಪರದೆಯಲ್ಲೂ 50 ಸಮ ಭಾಗ ಆಗುವುದಿಲ್ಲ. ಪರದೆಯನ್ನು 50ಕ್ಕೆ ಅಥವಾ 100ಕ್ಕೆ ಇಳಿಸುವ ಫೋನ್ ಇದ್ರೆ ಮಾತ್ರ ಅದು ಹೋಗ್ತದೆ. ಹೊಸ ಚಿಪ್‌ನಿಂದ ಹೋಗುವಂಥದ್ದಲ್ಲ.

ಪ್ರಶ್ನೆ ಇದ್ರೆ ಕಳಿಸಿ. ಮುಂದಿನ ವಾರ ಸಿಗುವ.